ಗೋಮಾಳದ ಕುರುಚಲನ್ನು ತೆಗೆದು ಬಿದಿರು ನೆಟ್ಟರೆ ಯಾವ ಹಕ್ಕಿ ಬಂದೀತು?

ಊರ್ಡಿಗೆರೆ ಸೀಮೆ:

ಎಲ್ಲರಿಗೂ ನಮಸ್ಕಾರ. ದೇವರಾಯನದುರ್ಗದ ತಪ್ಪಲಿಗೆ ಸೇರಿದ ನಮ್ಮೂರಿನಲ್ಲಿ, ಕೆರೆಯ ಮೇಲ್ಭಾಗಕ್ಕೆ, ಇಳಿಜಾರಾದ ಒಂದು ಗೋಮಾಳವಿದೆ. ಕಾರೆ, ಬಂದರಿಕೆ, ತಂಗಡಿ, ಅಲ್ಲಲ್ಲಿ ಲಂಟಾನ ಮತ್ತು ಇವುಗಳ ನಡುವೆ ಮಂಡಿಯೆತ್ತರದ ಹುಲ್ಲು ಬೆಳೆದಿರುವ ಜಾಗವದು. ಈ ಮುಂಗಾರಿಗೆ ಅದನ್ನೆಲ್ಲ ಜೆಸಿಬಿಯಿಂದ ಸವರಿ, ಬಿದಿರು ನೆಟ್ಟು, ಪಕ್ಷಿವನ ಮಾಡಬೇಕೆಂದು ಊರಿನ ಯುವಕರು ಹೊರಟಿದ್ದಾರೆ. ಅವರಿಗೆ ಸ್ಫೂರ್ತಿ ಬಂದದ್ದು ಅರುಣಾಚಲ ಪ್ರದೇಶದ ಬಿದಿರು ಮೆಳೆಯೊಂದರಲ್ಲಿ ತೆಗೆದ ಚಿತ್ರದಿಂದ. ಗಂಟಲು ಕಪ್ಪು, ತಲೆ ಕಿತ್ತಳೆ, ಕೊಕ್ಕು ಗಿಣಿಯದರಂತೆ ಮೊಂಡ. ಹೆಬ್ಬೆರಳಿಗಿಂತ ತುಸು ದೊಡ್ಡದೆನ್ನಿಸುವ ಅಂಥ ಹಕ್ಕಿಗಳ ಹಿಂಡೇ ಒಂದು ಗಳುವಿನ ಮೇಲೆ ಕುಳಿತಿತ್ತು. ಬಿದಿರು ನೆಟ್ಟರೆ ಇವು ನಮ್ಮಲ್ಲಿಗೂ ಬರುತ್ತವೆಯೇ ಎಂಬುದು ಅವರ ಪ್ರಶ್ನೆ. ನನ್ನದು ಬೇರೆಯೇ ಪ್ರಶ್ನೆ. ಅದೇ ಗೋಮಾಳದಲ್ಲಿ, ಬೆಳಿಗ್ಗೆ ಹೊತ್ತು, ಉದ್ದ ಬಾಲದ ಕಂದು ಹಕ್ಕಿಗಳ ಗುಂಪೊಂದು ಪೊದೆಯಿಂದ ಪೊದೆಗೆ ಒಂದರ ಹಿಂದೊಂದು ನುಸುಳುತ್ತ ಹೋಗುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಎದೆ ಬೆಳ್ಳಗಿದೆ, ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಅಂಚಿದೆ. ಅದು ಯಾವ ಹಕ್ಕಿ? ಪೊದೆಗಳನ್ನು ತೆಗೆದರೆ ಅದರ ಗತಿಯೇನು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಕುರುಚಲು ಕಿವಿ:

ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರವೂ ಅದರಲ್ಲೇ ಇದೆ. ನೀವು ಹೇಳಿದ ಗುರುತುಗಳೆಲ್ಲ ಹಳದಿ ಕಣ್ಣಿನ ಹರಟೆಮಲ್ಲನಿಗೆ ಸರಿಯಾಗಿ ಹೊಂದುತ್ತವೆ. ಉದ್ದ ಸುಮಾರು 18 ಸೆಂಟಿಮೀಟರು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬಾಲವೇ. ಬೆನ್ನು ಕಂದು, ರೆಕ್ಕೆ ಇಟ್ಟಿಗೆಗೆಂಪಿನ ಕಡೆಗೆ ವಾಲುವ ಕಂದು, ಕೊರಳು ಮತ್ತು ಎದೆ ಅಚ್ಚ ಬಿಳಿ, ಕೊಕ್ಕು ಕಪ್ಪಗೆ ಗಿಡ್ಡ, ಕಣ್ಣಿನ ಪಾಪೆಯ ಸುತ್ತಲಿನ ಬಳೆ ಹಳದಿ, ರೆಪ್ಪೆಯ ಅಂಚು ಕಿತ್ತಳೆ. 1789ರಲ್ಲಿಯೇ ಜರ್ಮನಿಯ ನಿಸರ್ಗವಿಜ್ಞಾನಿ ಗ್ಮೆಲಿನ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದಾನೆ. ಇಂದಿನ ಹೆಸರು ಕ್ರೈಸೊಮ್ಮ ಸೈನೆನ್ಸಿ. ಪಾಕಿಸ್ತಾನದಿಂದ ಹಿಡಿದು ಭಾರತ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್‌ಗಳನ್ನು ದಾಟಿ ವಿಯೆಟ್ನಾಮಿನವರೆಗೂ ಇದರ ನೆಲೆ ಹಬ್ಬಿದೆ.

ಈಗ ಸ್ವಾರಸ್ಯದ ಸಂಗತಿ. ಯುವಕರು ಚಿತ್ರದಲ್ಲಿ ನೋಡಿದ್ದು ಕಪ್ಪು ಗಂಟಲಿನ ಗಿಣಿಕೊಕ್ಕಿನ ಹಕ್ಕಿಯನ್ನು, ಅಂದರೆ ಸುಮಾರು 10 ಸೆಂಟಿಮೀಟರಿನ ಪ್ಯಾರಟ್‌ಬಿಲ್ ಅನ್ನು ಇರಬೇಕು. ಈ ಗಿಣಿಕೊಕ್ಕಿನ ಹಕ್ಕಿಗಳನ್ನು ಹಿಂದೆ ಚೇಕಡಿ ಹಕ್ಕಿಗಳ ಜೊತೆಗೂ, ಆಮೇಲೆ ಹರಟೆಮಲ್ಲಗಳ ಜೊತೆಗೂ ಇರಿಸಿ, ಎಲ್ಲಿಯೂ ಸರಿಹೋಗದೆ ವಿಜ್ಞಾನಿಗಳು ಬಹುಕಾಲ ತಿಣುಕಾಡಿದ್ದರು. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಅವುಗಳಿಗೆ ಪ್ಯಾರಾಡಾಕ್ಸಾರ್ನಿಥಿಡೇ ಎಂಬ ಸ್ವಂತ ಕುಟುಂಬವೇ ಸಿಕ್ಕಿತು. ಆ ಕುಟುಂಬದ ಒಳಗೆ ಬಂದು ಕುಳಿತವರಲ್ಲಿ ನಮ್ಮ ಹಳದಿ ಕಣ್ಣಿನ ಹರಟೆಮಲ್ಲನೂ ಒಬ್ಬ. ಸಂತೆಬೀದಿಯ ಹುಣಸೆಮರದಲ್ಲಿ ಗಲಾಟೆ ಎಬ್ಬಿಸುವ ಬೂದು ಹರಟೆಮಲ್ಲಗಳಿಗೆ ಇವನು ಹೆಸರಿಗಷ್ಟೇ ದಾಯಾದಿ. ಹತ್ತಿರದ ಸಂಬಂಧವೇನಿದ್ದರೂ ಹಿಮಾಲಯದ ಬಿದಿರು ಮೆಳೆಯ ಹಕ್ಕಿಗಳೊಡನೆ. ಆದ್ದರಿಂದ ನಿಮ್ಮ ಯುವಕರಿಗೆ ಹೀಗೆ ಹೇಳಿ: ಅವರು ಯಾವ ಕುಲದ ಹಕ್ಕಿಯನ್ನು ಕರೆತರಬೇಕೆಂದು ಜೆಸಿಬಿ ಗೊತ್ತುಮಾಡುತ್ತಿದ್ದಾರೋ, ಆ ಕುಲದ ಹಕ್ಕಿ ಅದೇ ಗೋಮಾಳದಲ್ಲಿ ಈಗಾಗಲೇ ಸಂಸಾರ ಹೂಡಿದೆ.

ತೇಜಪುರದಲ್ಲಿರುವ ಕನ್ನಡಿಗ:

ಹುಟ್ಟೂರು ಗುಬ್ಬಿ, ಕೆಲಸ ಅಸ್ಸಾಮಿನಲ್ಲಿ. ಗಿಣಿಕೊಕ್ಕಿನ ಹಕ್ಕಿಗಳನ್ನು ಅವುಗಳ ನೆಲೆಯಲ್ಲೇ ನೋಡುವ ಅವಕಾಶ ನನಗೆ ಸಿಕ್ಕಿರುವುದರಿಂದ ಎರಡು ಮಾತು ಸೇರಿಸುತ್ತೇನೆ. ಇವುಗಳ ಕೊಕ್ಕು ಬರಿಯ ಅಂದಕ್ಕಿರುವುದಲ್ಲ. ಬಿದಿರಿನ ಗೆಣ್ಣಿನ ಸುತ್ತ ಇರುವ ಒಣ ಪೊರೆಯನ್ನು ಹಿಡಿದು ಸೀಳಿ, ಒಳಗೆ ಅಡಗಿದ ಹುಳುವನ್ನು ಹೆಕ್ಕುವುದಕ್ಕೆ, ಮೊಗ್ಗು ಮತ್ತು ಬೀಜಗಳನ್ನು ಕಡಿಯುವುದಕ್ಕೆ ಆ ಮೊಂಡು ಕೊಕ್ಕೇ ಬೇಕು. ಹಿಂಡು ಹತ್ತಿರ ಬಂದಾಗ ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಪೊರೆ ಹರಿಯುವ ಚಟಚಟ ಸದ್ದು ಕೇಳಿಸುತ್ತದೆ. ಒಂದು ಮೆಳೆಯಲ್ಲಿ ಕ್ಷಣಕಾಲ ಇದ್ದು, ಇಡೀ ಗುಂಪು ಒಟ್ಟಾಗಿ ಮುಂದಿನ ಮೆಳೆಗೆ ಹೊರಟುಬಿಡುವುದರಿಂದ ಕ್ಯಾಮೆರಾ ಸರಿಮಾಡಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಈ ಹಕ್ಕಿಗಳಲ್ಲಿ ಹಲವನ್ನು ಮೊದಲು ವಿವರಿಸಿದವನು ನೇಪಾಳದಲ್ಲಿ ಬ್ರಿಟಿಷ್ ರೆಸಿಡೆಂಟ್ (ಬ್ರಿಟಿಷರ ಪ್ರತಿನಿಧಿ) ಆಗಿದ್ದ ಬ್ರಯಾನ್ ಹಾಡ್ಜ್‌ಸನ್. ಗಾತ್ರದಲ್ಲಿ ಅವು ಒಂದೇ ಅಚ್ಚಿನವಲ್ಲ. 10 ಸೆಂಟಿಮೀಟರಿನವು ಇರುವಂತೆಯೇ 28 ಸೆಂಟಿಮೀಟರಿನ ಹಿರಿಯ ಗಿಣಿಕೊಕ್ಕಿನ ಹಕ್ಕಿಯೂ ಇದೆ. ಚೀನಾದ ಬಿದಿರು ಕಾಡಿನ ಒಂದು ಜಾತಿಯಲ್ಲಿ ಕಾಲಿನ ಹೊರಬೆರಳು ಸಣ್ಣ ಮೊಳಕೆಯಷ್ಟಕ್ಕೇ ನಿಂತು, ಹಕ್ಕಿಗೆ ಮೂರೇ ಬೆರಳಿರುವಂತೆ ತೋರುತ್ತದೆ. ಆದರೆ ಇಡೀ ಕುಟುಂಬವೇ ಬಿದಿರಿಗೆ ಅಂಟಿಕೊಂಡಿದೆ ಎಂದು ಮಾತ್ರ ತಿಳಿಯಬೇಡಿ. ಯಾಂಗ್ಟ್ಸಿ ನದಿಯ ಜೊಂಡಿನಲ್ಲಿ ಬಾಳುವ ಜಾತಿಯೊಂದಿದೆ. ಇಲ್ಲಿ ಬ್ರಹ್ಮಪುತ್ರದ ಬಯಲಿನ ಎತ್ತರದ ಹುಲ್ಲಿನಲ್ಲಿ ಕಪ್ಪೆದೆಯ ಗಿಣಿಕೊಕ್ಕಿನ ಹಕ್ಕಿ ಇದೆ. ಹುಲ್ಲುಗಾವಲು ಹೋದಲ್ಲೆಲ್ಲ ಅದೂ ಹೋಗಿದ್ದು, ಅಪಾಯದ ಅಂಚಿನ ಹಕ್ಕಿಗಳ ಪಟ್ಟಿಯಲ್ಲಿ ಸೇರಿದೆ. ಗಿಣಿಕೊಕ್ಕಿನ ಹಕ್ಕಿಗಳ ಪೈಕಿ ಯಾವುದೂ ದಕ್ಷಿಣ ಭಾರತದಲ್ಲಿಲ್ಲ. ಹಿಮಾಲಯದ ತಂಪಿಗೆ ಹೊಂದಿಕೊಂಡು, ದೂರ ಹಾರುವ ಅಭ್ಯಾಸವೇ ಇಲ್ಲದೆ ಮೆಳೆಯಿಂದ ಮೆಳೆಗೆ ಸಾಗುವ ಹಕ್ಕಿ ಗಂಗೆಯ ಬಯಲನ್ನೂ ದಖ್ಖನ್ನನ್ನೂ ದಾಟಿ ತುಮಕೂರಿಗೆ ಬರುವುದಿಲ್ಲ, ನೀವು ಎಷ್ಟೇ ಎಕರೆ ಬಿದಿರು ಬೆಳೆಸಿದರೂ.

ಬಂಗಾರಪೇಟೆ ರೈತ:

ಎಲ್ಲವನ್ನೂ ಓದಿದೆ, ಸಂತೋಷವಾಯಿತು. ಆದರೆ ನಾನು ಸ್ವಲ್ಪ ಖಾರವಾಗಿಯೇ ಕೇಳುತ್ತೇನೆ, ತಪ್ಪು ತಿಳಿಯಬಾರದು. ಪೊದೆ ಬೆಳೆದರೆ ಹಂದಿ ಸೇರುತ್ತದೆ, ಹಾವು ಸೇರುತ್ತದೆ, ಲಂಟಾನ ಹಬ್ಬಿ ಕುರಿಗೆ ಹುಲ್ಲು ಸಿಗುವುದಿಲ್ಲ. ಬಿದಿರಾದರೆ ಬೆಳೆದಷ್ಟೂ ಕಾಸು. 2017ರ ಕಾನೂನು ತಿದ್ದುಪಡಿಯಾದ ಮೇಲೆ ಅರಣ್ಯದ ಹೊರಗೆ ಬೆಳೆದ ಬಿದಿರು ಮರದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಕಡಿಯುವುದಕ್ಕೂ ಸಾಗಿಸುವುದಕ್ಕೂ ಮೊದಲಿದ್ದ ತೊಡಕಿಲ್ಲ. ಅಂಗೈಯಗಲದ ಹಕ್ಕಿಗಾಗಿ ಊರಿನ ಆದಾಯವನ್ನು ಬಿಡಬೇಕೆನ್ನುವುದು ನ್ಯಾಯವೇ? ಹಕ್ಕಿಗೆ ರೆಕ್ಕೆ ಇದೆ, ಪಕ್ಕದ ಗುಡ್ಡಕ್ಕೆ ಹೋಗುತ್ತದೆ.

ನಂದಿ ತಪ್ಪಲಿನ ಟೀಚರ್:

ರೈತಣ್ಣನವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೊನೆಯ ವಾಕ್ಯವನ್ನು ಒಪ್ಪಲಾರೆ. ಪಕ್ಕದ ಗುಡ್ಡ ಖಾಲಿ ಬಿದ್ದಿರುವುದಿಲ್ಲ. ಅಲ್ಲಿ ಪೊದೆ ಇದ್ದರೆ ಅಲ್ಲಿಯೂ ಒಂದು ಗುಂಪು ಆಗಲೇ ಇರುತ್ತದೆ. ಪೊದೆ ಇಲ್ಲದಿದ್ದರೆ ಹೋಗಿ ಪ್ರಯೋಜನವೂ ಇಲ್ಲ. ಇನ್ನು ಹಾರಾಟದ ವಿಷಯ. ಈ ಹಕ್ಕಿಯ ರೆಕ್ಕೆ ಗಿಡ್ಡ, ಗುಂಡಗೆ. ಬಯಲು ಬಂದರೆ ಬಾಲವನ್ನು ಎಳೆದುಕೊಂಡು ತೊಯ್ದಾಡುತ್ತ ಹತ್ತಿರದ ಪೊದೆಗೆ ಬಿದ್ದುಬಿಡುತ್ತದೆ. ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ದಶಕಗಳ ಕಾಲ ನೀಲಗಿರಿ ತೋಪುಗಳು ಮೈಲಿಗಟ್ಟಲೆ ಹಬ್ಬಿದ್ದಾಗ ಅವುಗಳ ಕೆಳಗೆ ಪೊದೆಯಾಗಲಿ ಹುಲ್ಲಾಗಲಿ ಇಂಥ ಹಕ್ಕಿಗೆ ಸಾಕಾಗುವಷ್ಟು ಉಳಿದಿರಲಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಅಂತರ್ಜಲದ ಕಾರಣಕ್ಕೆ. ಹಕ್ಕಿಗಳ ಮಾತು ಅಲ್ಲಿ ಬಂದದ್ದೇ ಕಡಿಮೆ. ಒಂದೇ ಜಾತಿಯ ಗಿಡವನ್ನು ಗುಡ್ಡದ ತುಂಬ ನೆಡುವ ಉತ್ಸಾಹ ನಮಗೆ ಹೊಸದಲ್ಲ ಎಂದಷ್ಟೇ ಹೇಳಬೇಕಾಗಿದೆ.

ನಂದಿಬೆಟ್ಟದ ಬಂಡೆಗಳ ನಡುವಿನ ಪೊದೆಗಳಲ್ಲಿ ಇನ್ನೊಂದು ಹಕ್ಕಿಯಿದೆ, ಹಳದಿ ಕೊರಳಿನ ಪಿಕಳಾರ. ದೇವರಾಯನದುರ್ಗದಲ್ಲಿಯೂ ಅದು ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಇಲ್ಲದ ಈ ಹಕ್ಕಿಯನ್ನು ನೋಡಲೆಂದೇ ದೂರದ ಊರುಗಳಿಂದ ಜನ ಬರುತ್ತಾರೆ. ಅದರ ಮನೆಯೂ ನಾವು ಖರಾಬು ಎಂದು ಪಹಣಿಯಲ್ಲಿ ಬರೆಸಿಕೊಂಡಿರುವ ಇಂಥ ಕುರುಚಲೇ.

ಊರ್ಡಿಗೆರೆ ಸೀಮೆ:

ಅಕ್ಕ, ಪಿಕಳಾರದ ಮಾತು ಹೇಳಿದ್ದು ಒಳ್ಳೆಯದಾಯಿತು, ನಮ್ಮ ಹುಡುಗರಿಗೆ ಅದರ ಹೆಸರು ಗೊತ್ತು. ಈ ಹರಟೆಮಲ್ಲ ಗೂಡು ಕಟ್ಟುವುದು ಯಾವಾಗ, ಎಲ್ಲಿ ಎಂಬುದನ್ನು ಯಾರಾದರೂ ತಿಳಿಸಿದರೆ ಸಭೆಯಲ್ಲಿ ಹೇಳಲು ನನಗೆ ಆಧಾರ ಸಿಗುತ್ತದೆ.

ಕುರುಚಲು ಕಿವಿ:

ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಎಂದರೆ ನಿಮ್ಮ ಜೆಸಿಬಿ ಬರುವ ಹೊತ್ತಿಗೆ ಸರಿಯಾಗಿ. ಮುಂಗಾರಿನ ಮೊದಲ ಹದ ಮಳೆಗೆ ಹುಲ್ಲು ಚಿಗುರಿದ ಮೇಲೆ ಗುಂಪು ಒಡೆದು ಜೋಡಿಗಳಾಗುತ್ತವೆ. ವರ್ಷದ ಉಳಿದ ಕಾಲ ಪೊದೆಯ ಹೊಟ್ಟೆಯಲ್ಲಿ ಅಡಗಿರುವ ಈ ಸಂಕೋಚದ ಹಕ್ಕಿ ಆಗ ಮಾತ್ರ ಗಿಡದ ತುದಿಗೆ ಏರಿ, ಎದೆ ಮುಂದೆ ಮಾಡಿ, ಗಟ್ಟಿಯಾಗಿ ಹಾಡುತ್ತದೆ. ಈ ಹಕ್ಕಿಯನ್ನು ಹುಡುಕಬೇಕೆನ್ನುವವರು ಮಳೆಗಾಲದಲ್ಲಿ ಹೋಗಬೇಕು. ಬೇಸಿಗೆಯಲ್ಲಿ ಹೋಗಿ ಇಲ್ಲವೆಂದು ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗೂಡು ನೋಡಬೇಕಾದ ಕೆಲಸಗಾರಿಕೆ. ಹುಲ್ಲೆಸಳು ಮತ್ತು ನಾರುಗಳನ್ನು ಹೆಣೆದು ಆಳವಾದ ಬಟ್ಟಲನ್ನು ಮಾಡಿ, ಹೊರಗೋಡೆಗೆ ಜೇಡರ ಬಲೆಯನ್ನು ಸಗಣಿ ಸಾರಿಸಿದ ಹಾಗೆ ಒತ್ತಿ ಮೆತ್ತಿರುತ್ತದೆ. ನೆಟ್ಟಗೆ ನಿಂತ ಹುಲ್ಲಿನ ಕಡ್ಡಿಗಳನ್ನೋ ಪೊದೆಯ ಕವಲನ್ನೋ ಹಿಡಿದು ಅದನ್ನು ಕಟ್ಟುತ್ತದೆ; ನೆಲದಿಂದ ಬಹಳ ಎತ್ತರವೇನೂ ಅಲ್ಲ. ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ. ಗಂಡುಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೊಡುತ್ತವೆ. ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಗೂಡು ಬಿಡಲು ಮತ್ತೆ ಹೆಚ್ಚುಕಡಿಮೆ ಅಷ್ಟೇ. ತಂದೆತಾಯಿಯಲ್ಲದ ಹಕ್ಕಿಗಳೂ ಕೆಲವೊಮ್ಮೆ ಗೂಡಿನ ಕೆಲಸಕ್ಕೆ ಕೈಜೋಡಿಸುವುದನ್ನು ವೀಕ್ಷಕರು ದಾಖಲಿಸಿದ್ದಾರೆ. ಇಷ್ಟೆಲ್ಲ ನಡೆಯುವುದಕ್ಕೆ ಬೇಕಾಗಿರುವುದು ನೆಟ್ಟಗೆ ನಿಂತ ಹುಲ್ಲು, ಅದರ ಪಕ್ಕದಲ್ಲೇ ದಟ್ಟ ಪೊದೆ, ಬಲೆ ನೇಯುವ ಜೇಡ, ಮರಿಗೆ ತಿನ್ನಿಸುವ ಹಸಿರು ಹುಳು. ಬಿದಿರು ಬಲಿತ ಮೇಲೆ ಅದರ ನೆರಳಿಗೆ, ಉದುರಿದ ಎಲೆಯ ದಪ್ಪ ಹಾಸಿಗೆಗೆ ಕೆಳಗೆ ಹುಲ್ಲು ಏಳುವುದೇ ಕಷ್ಟ.

ಬಿದಿರಿನ ಜೊತೆ ಇವಕ್ಕೆ ಹಗೆಯೇನೂ ಇಲ್ಲ. ಮೆಳೆಯ ಅಂಚಿನಲ್ಲೂ, ಕಬ್ಬಿನ ಗದ್ದೆಯ ಬದುವಿನಲ್ಲೂ ಓಡಾಡುತ್ತವೆ. ಅಂಚು ಬೇರೆ, ಇಡೀ ಇಳಿಜಾರನ್ನು ತುಂಬುವುದು ಬೇರೆ.

ಮಧುಗಿರಿ ಬಿದಿರುಕಾರ:

ಮೇದಾರರ ಮನೆಯವನು ನಾನು, ಆದ್ದರಿಂದ ಬಿದಿರಿನ ಪರವಾಗಿ ಒಬ್ಬನಾದರೂ ಮಾತನಾಡಬೇಕಲ್ಲ. ನಮಗೆ ಮೊರ, ತೊಟ್ಟಿಲು, ಬುಟ್ಟಿಗೆ ಬೇಕಾದ ಬಿದಿರು ಈ ಭಾಗದಲ್ಲಿ ಸಿಗುವುದೇ ದುರ್ಲಭವಾಗಿ, ಮಲೆನಾಡಿನ ಕಡೆಯಿಂದ ಲಾರಿಯಲ್ಲಿ ಬರುವುದನ್ನು ಕೊಳ್ಳಬೇಕಾಗಿದೆ. ಹಾಗಾಗಿ ನೆಡುವುದನ್ನು ನಾನು ಸ್ವಾಗತಿಸುತ್ತೇನೆ. ಆದರೆ ನೆಡುವ ಜಾಗ ಕಲ್ಲುಗುಡ್ಡದ ಇಳಿಜಾರಲ್ಲ. ಮುಳ್ಳಿನ ಹೆಬ್ಬಿದಿರಿಗೆ ತೇವ ಬೇಕು. ಹಳ್ಳದ ದಡದಲ್ಲಿ, ಕೆರೆ ಏರಿಯ ಹಿಂದಿನ ಜೌಗಿನಲ್ಲಿ ಅದು ಹುಲುಸಾಗಿ ಬರುತ್ತದೆ. ಒಣ ಜಾಗಕ್ಕೆ ಕಿರುಬಿದಿರು ತಡೆದೀತು, ಆದರೆ ಮಣ್ಣು ತೆಳುವಾದ ಇಳಿಜಾರಿನಲ್ಲಿ ಅದೂ ಬಡಕಲಾಗಿಯೇ ಉಳಿಯುತ್ತದೆ, ಬುಟ್ಟಿಗೆ ಬೇಕಾದ ಗಳು ಸಿಗುವುದಿಲ್ಲ.

ಇನ್ನೊಂದು ಮಾತನ್ನು ಪಕ್ಷಿವನ ಮಾಡುವವರು ತಿಳಿದಿರಬೇಕು. ಹೆಬ್ಬಿದಿರು ನಲವತ್ತು ವರ್ಷಗಳ ಆಸುಪಾಸಿನಲ್ಲಿ ಒಮ್ಮೆ ಮೆಳೆಮೆಳೆಯೇ ಒಟ್ಟಾಗಿ ಹೂಬಿಟ್ಟು, ಅಕ್ಕಿ ಉದುರಿಸಿ, ಒಣಗಿಹೋಗುತ್ತದೆ. ಒಂದೇ ಕಡೆಯಿಂದ ತಂದ ಸಸಿಗಳು ಒಂದೇ ಕಾಲಕ್ಕೆ ಸಾಯುತ್ತವೆ. ಮಿಜೋರಾಂನಲ್ಲಿ ಬೇರೆ ಜಾತಿಯ ಬಿದಿರು 48 ವರ್ಷಕ್ಕೊಮ್ಮೆ ಹೂಬಿಟ್ಟಾಗ ಇಲಿಗಳು ಹೆಚ್ಚಿ ಬೆಳೆ ನಾಶವಾಗಿ, 1959ರಲ್ಲಿ ಬರಗಾಲವೇ ಬಂದಿತ್ತು. ಅಷ್ಟು ದೊಡ್ಡ ಕಾಡು ನಮ್ಮಲ್ಲಿಲ್ಲವಾದ್ದರಿಂದ ಆ ಭಯವಿಲ್ಲ, ನಿಜ. ಆದರೂ ಒಂದು ಗಿಡವನ್ನೇ ನಂಬಿದ ವನ ಒಂದೇ ಬೇಸಿಗೆಯಲ್ಲಿ ಸೌದೆಯಾಗಬಹುದು.

ತೇಜಪುರದಲ್ಲಿರುವ ಕನ್ನಡಿಗ:

ಬಿದಿರು ಹೂಬಿಟ್ಟು ಸತ್ತಾಗ ಗಿಣಿಕೊಕ್ಕಿನ ಹಕ್ಕಿಗಳೂ ಆ ಮೆಳೆ ಬಿಟ್ಟು ಬೇರೆ ಮೆಳೆ ಹುಡುಕಲೇಬೇಕು; ಕಾಡು ತುಂಡುತುಂಡಾದಷ್ಟೂ ಅದು ಕಷ್ಟ. ಇದೇ ಸಂದರ್ಭದಲ್ಲಿ ಹಳದಿ ಕಣ್ಣಿನವನ ಖಾಸಾ ಸೋದರನ ಕಥೆಯೊಂದನ್ನು ಹೇಳಬೇಕು. ಅದೇ ಕ್ರೈಸೊಮ್ಮ ಕುಲದ ಜರ್ಡನ್ನನ ಹರಟೆಮಲ್ಲ ಎಂಬ ಹಕ್ಕಿ ಸಿಂಧೂ, ಬ್ರಹ್ಮಪುತ್ರ, ಇರವಾಡಿ ನದಿಗಳ ಬಯಲಿನ ಎತ್ತರದ ಹುಲ್ಲಿನಲ್ಲಿ ಬಾಳುತ್ತದೆ. ಮ್ಯಾನ್ಮಾರಿನಲ್ಲಿ 1941ರ ಜುಲೈಯಲ್ಲಿ ಕಂಡದ್ದೇ ಕಡೆ. ಹುಲ್ಲಿನ ಬಯಲೆಲ್ಲ ಗದ್ದೆಯೂ ಊರೂ ಆದ ಮೇಲೆ ಅಲ್ಲಿನ ಉಪಜಾತಿ ಅಳಿದುಹೋಯಿತೆಂದೇ ಹಲವರು ಭಾವಿಸಿದ್ದರು. 2014ರ ಮೇ ತಿಂಗಳಲ್ಲಿ, ಪಾಳುಬಿದ್ದ ಕೃಷಿ ಕೇಂದ್ರವೊಂದರ ಸುತ್ತ ಉಳಿದಿದ್ದ ಹುಲ್ಲಿನಲ್ಲಿ ಅದು ಮತ್ತೆ ಸಿಕ್ಕಿತು. ಯಾರೂ ಅಭಿವೃದ್ಧಿ ಮಾಡದೆ ಬಿಟ್ಟಿದ್ದರಿಂದಲೇ ಆ ತುಣುಕು ಉಳಿದಿತ್ತು. ನಮ್ಮ ಹಳದಿ ಕಣ್ಣಿನವನು ಇಂದು ಅಪಾಯದಲ್ಲಿಲ್ಲ, ವಿಶಾಲವಾಗಿ ಹಬ್ಬಿದ್ದಾನೆ. ಅವನ ಹೆಸರಿನಲ್ಲಿ ಯಾರೂ ಅಭಯಾರಣ್ಯ ಕೇಳಬೇಕಾಗಿಲ್ಲ. ಆದರೆ ಸೋದರನಿಗಾದದ್ದು ಹೇಗೆಂಬುದನ್ನು ನೋಡಿದರೆ ಕುರುಚಲನ್ನು ಬಂಜರೆಂದು ಕರೆಯುವ ಮುನ್ನ ತಡೆದು ಯೋಚಿಸಬೇಕಾಗುತ್ತದೆ.

ವಿಷಯಾಂತರವೆನ್ನಿಸಿದರೆ ಕ್ಷಮಿಸಿ: ಕೊರಿಯಾದಲ್ಲಿ ಪೊದೆಗಳಲ್ಲಿ ದೊಡ್ಡ ಹಿಂಡಾಗಿ ತಿರುಗುವ, 12 ಸೆಂಟಿಮೀಟರಿನ ಗಿಣಿಕೊಕ್ಕಿನ ಹಕ್ಕಿಯೊಂದು ಮನೆಮಾತಾಗಿದೆ. ಕೊಕ್ಕರೆಯ ಹೆಜ್ಜೆಗೆ ಹೆಜ್ಜೆ ಹಾಕಹೋದ ಆ ಪುಟ್ಟ ಹಕ್ಕಿಯ ತೊಡೆಸಂದು ಹರಿಯಿತು ಎಂದು ಅವರ ಗಾದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ನಮ್ಮವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗಾದೆಯಲ್ಲಿ ನಗೆಪಾಟಲಾದ ಹಕ್ಕಿ ಗೂಡಿನಲ್ಲಿ ಮಾತ್ರ ಜಾಣ. ಕೋಗಿಲೆ ಜಾತಿಯ ಹಕ್ಕಿ ಅದರ ಗೂಡಿನಲ್ಲಿ ಕಳ್ಳತನದಿಂದ ನೀಲಿ ಮೊಟ್ಟೆ ಇಟ್ಟು ಹೋಗುತ್ತದೆ. ಈ ಹಕ್ಕಿಯ ಹೆಣ್ಣುಗಳಲ್ಲಿ ಕೆಲವು ನೀಲಿ, ಕೆಲವು ಬಿಳಿ ಮೊಟ್ಟೆ ಇಡುವುದರಿಂದ, ಬಿಳಿ ಮೊಟ್ಟೆಯ ಗೂಡಿನಲ್ಲಿ ಕಳ್ಳನ ಮೊಟ್ಟೆ ಕೂಡಲೇ ಎದ್ದು ಕಾಣುತ್ತದೆ.

ನಂದಿ ತಪ್ಪಲಿನ ಟೀಚರ್:

ವಿಷಯಾಂತರವೇ ಆದರೂ ಮಕ್ಕಳಿಗೆ ಹೇಳಲು ಬರೆದಿಟ್ಟುಕೊಂಡೆ. ಸಣ್ಣದೊಂದು ಎಚ್ಚರಿಕೆ: ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಗೂಡಿನ ಬಳಿ ಕರೆಯುವ ಚಾಳಿ ಈಗ ಹೆಚ್ಚಾಗಿದೆ. ಗೋಮಾಳದ ಸುದ್ದಿ ಹರಡಿದರೆ ಕ್ಯಾಮೆರಾದವರು ಬಂದೇ ಬರುತ್ತಾರೆ, ಗೂಡಿನ ಜಾಗವನ್ನು ಯಾರಿಗೂ ಹೇಳಬೇಡಿ.

ಬಂಗಾರಪೇಟೆ ರೈತ:

ಬಿದಿರುಕಾರರ ಮಾತು ನನಗೆ ಹಿಡಿಸಿತು. ಆದರೆ ಲಂಟಾನದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅದನ್ನೂ ಹಕ್ಕಿಗಾಗಿ ಹಾಗೆಯೇ ಬಿಡಬೇಕೆನ್ನುತ್ತೀರಾ?

ಕುರುಚಲು ಕಿವಿ:

ಬಿಡಬೇಕಾಗಿಲ್ಲ, ಅದು ಹೊರದೇಶದ ಕಳೆಯೇ. ಆದರೆ ಊರ ಪೊದೆಗಳು ಹೋದಲ್ಲಿ ಹಕ್ಕಿ ಅದರಲ್ಲಿಯೇ ಆಸರೆ ಪಡೆದಿರುತ್ತದೆ, ಅದರ ಹಣ್ಣನ್ನೂ ಎಷ್ಟೋ ಹಕ್ಕಿಗಳು ತಿನ್ನುತ್ತವೆ. ಆದ್ದರಿಂದ ಒಂದೇ ಸಲಕ್ಕೆ ಬಳಿದುಹಾಕದೆ, ವರ್ಷಕ್ಕೊಂದು ಪಟ್ಟಿಯಂತೆ ಬೇರುಸಮೇತ ಕೈಯಿಂದ ಕಿತ್ತು, ಆ ಜಾಗದಲ್ಲಿ ಕಾರೆ, ಬಂದರಿಕೆ, ಕವಳಿ ಮೇಲೇಳುವವರೆಗೆ ಕಾದು, ಮುಂದಿನ ಪಟ್ಟಿಗೆ ಹೋಗಬೇಕು. ಜೆಸಿಬಿ ಹಾಯಿಸಿದರೆ ಮೇಲ್ಮಣ್ಣು ಮೊದಲ ಮಳೆಗೇ ಕೆರೆಗೆ ಇಳಿಯುತ್ತದೆ, ಹೂಳೆತ್ತುವ ಖರ್ಚು ಊರಿಗೇ ಬರುತ್ತದೆ. ಕೀಳುವ ಕೆಲಸ ಮಾರ್ಚ್–ಮೇ ನಡುವೆ ಮುಗಿಯಲಿ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಕುಡುಗೋಲೂ ಬೇಡ. ಫೆಬ್ರವರಿಯಲ್ಲಿಯೂ ಕೆಲವು ಜೋಡಿಗಳು ಗೂಡು ಮಾಡುವುದುಂಟಾದ್ದರಿಂದ ಕೀಳುವ ಮೊದಲು ಪೊದೆಯೊಳಗೆ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚುವುದನ್ನು ತಡೆದರೆ ಹೊಸದಾಗಿ ಪಕ್ಷಿವನ ಮಾಡುವುದಕ್ಕಿಂತ ದೊಡ್ಡ ಉಪಕಾರವಾದೀತು. ಕುರಿಯ ಮಾತು ಕೇಳಿದಿರಿ: ಲಂಟಾನ ತೆಗೆದ ಪಟ್ಟಿಯಲ್ಲಿ ಹುಲ್ಲು ಹೆಚ್ಚುವುದರಿಂದ ಮೇವಿಗೂ ನಷ್ಟವಿಲ್ಲ, ಮಳೆಗಾಲದಲ್ಲಿ ಒಂದು ಭಾಗವನ್ನು ಮೇಯಿಸದೆ ಬಿಟ್ಟರೆ ಸಾಕು.

ಊರ್ಡಿಗೆರೆ ಸೀಮೆ:

ನಿನ್ನೆ ಸಂಜೆ ಅರಳಿಕಟ್ಟೆಯಲ್ಲಿ ಸಭೆ ಸೇರಿತ್ತು. ಹಿಮಾಲಯದ ಹಕ್ಕಿ ಬರುವುದಿಲ್ಲವೆಂದಾಗ ಹುಡುಗರ ಮುಖ ಬಾಡಿತಾದರೂ, ಅದರ ಬಂಧು ಇಲ್ಲಿಯೇ ಇದೆಯೆಂದು ಇಲ್ಲಿನ ಬರಹಗಳನ್ನು ಓದಿ ಹೇಳಿದ ಮೇಲೆ ಮರುದಿನ ಬೆಳಿಗ್ಗೆಯೇ ತೋರಿಸಬೇಕೆಂದು ಪಟ್ಟು ಹಿಡಿದರು. ಇಳಿಜಾರಿಗೆ ಜೆಸಿಬಿ ಬೇಡವೆಂಬುದಕ್ಕೆ ಹಿರಿಯರು ಒಪ್ಪಿದ್ದಾರೆ. ಕುರಿ ಕಾಯುವವರು ಮಾತ್ರ, ಯಾವ ಭಾಗವನ್ನು ಮೇಯಿಸದೆ ಬಿಡಬೇಕೆಂಬುದನ್ನು ತಾವೇ ಗುರುತಿಸುತ್ತೇವೆ, ಬೇರೆಯವರು ಹೇಳಬಾರದು ಎಂದರು. ಅದು ಸರಿಯೆಂದೇ ನನಗೂ ಅನ್ನಿಸಿತು. ಬಿದಿರನ್ನು ಏರಿಯ ಹಿಂದೆ, ಹಳ್ಳದ ಬದಿಯಲ್ಲಿ ನೆಡುವುದಾದರೆ ಗುಂಡಿಯಿಂದ ಗುಂಡಿಗೆ ಎಷ್ಟು ಅಂತರ ಬಿಡಬೇಕು, ಏರಿಗೆ ಬೇರು ತೊಂದರೆ ಕೊಡುವುದೇ ಎಂಬುದನ್ನು ಬಿದಿರುಕಾರ ಅಣ್ಣನವರು ತಿಳಿಸಬೇಕು.

ಮಧುಗಿರಿ ಬಿದಿರುಕಾರ:

ಏರಿಯ ಮೈಮೇಲೆ ಬೇಡವೇ ಬೇಡ, ಬುಡದಿಂದ ಚೆನ್ನಾಗಿ ದೂರ ಸರಿದು ಹಳ್ಳದ ಕಡೆಗೆ ನೆಡಿ. ಹೆಬ್ಬಿದಿರಿನ ಮೆಳೆ ಬಲಿತಾಗ ಬಹಳ ಅಗಲವಾಗುವುದರಿಂದ ಗುಂಡಿಯಿಂದ ಗುಂಡಿಗೆ ಇಪ್ಪತ್ತು ಅಡಿಗೆ ಕಡಿಮೆಯಾಗದಿರಲಿ. ಬುಟ್ಟಿಗೆ ಬೇಕೆಂದರೆ ಮುಳ್ಳಿಲ್ಲದ ಕಿರುಬಿದಿರೇ ಮೇಲು, ಅದಕ್ಕೆ ಅಂತರ ಇನ್ನೂ ಕಡಿಮೆ ಸಾಕು. ಮೊದಲ ಮೂರ್ನಾಲ್ಕು ವರ್ಷ ಗಳು ಕಡಿಯಬಾರದು, ಎಳೆಯ ಕಳಲೆಯನ್ನು ದನ ಮೇಯದಂತೆ ಬೇಲಿ ಹಾಕಬೇಕು. ಬೇಲಿಗೆ ಆ ಗೋಮಾಳದ ಕಾರೆಮುಳ್ಳನ್ನು ಕಡಿಯಹೋಗಬೇಡಿ, ಜಾಲಿಮುಳ್ಳು ತನ್ನಿ.